ಒಂಬತ್ತು ಮುಗಿಯುವ ಹೊತ್ತಿಗೆ ಶಾಲೆಯೇ ಬೇರೆ ಕಡೆಗೆ: ಹತ್ತನೇ ಕ್ಲಾಸಿನ ಮಕ್ಕಳ ಗತಿ ಏನು?

ಸೆಂಟ್ರಲ್ ಲೈನ್ ಅಮ್ಮ:

ಮುಂಬೈಯಲ್ಲಿ ಕನ್ನಡ ಮೀಡಿಯಮ್ ಶಾಲೆಗೆ ಮಕ್ಕಳನ್ನು ಕಳಿಸಿದವರು, ಇಲ್ಲವೇ ಅಲ್ಲಿ ಕಲಿಸಿದವರು ಇಲ್ಲಿ ಇದ್ದೇ ಇರುತ್ತೀರಿ. ಸ್ವಲ್ಪ ದಾರಿ ಹೇಳಿ. ಶಾಲೆಯ ಹೆಸರು ಬರೆಯುವುದಿಲ್ಲ, ಮಕ್ಕಳು ಇನ್ನೂ ಅಲ್ಲೇ ಇದ್ದಾರೆ.

ನಮ್ಮ ಮನೆ ಸೆಂಟ್ರಲ್ ಲೈನಿನಲ್ಲಿ, ಕುರ್ಲಾ ದಾಟಿ ಮೇಲಕ್ಕೆ. ಮಗಳು ಒಂಬತ್ತನೇ ಕ್ಲಾಸು, ಮಗ ಆರು. ಇಬ್ಬರದೂ ಒಂದೇ ಶಾಲೆ, ನಡೆದೇ ಹೋಗುತ್ತಾರೆ. ಕಟ್ಟಡ ಹಳೆಯದು. ಪಾಲಿಕೆಯವರು ಸಿ-1 ಎಂದು ನೋಟಿಸ್ ಅಂಟಿಸಿದ್ದಾರೆ, ಅಂದರೆ ಖಾಲಿ ಮಾಡಿ ಕೆಡವಲೇಬೇಕು. ಅದಕ್ಕೆ ನನ್ನ ತಕರಾರಿಲ್ಲ. ಮಳೆಗಾಲದಲ್ಲಿ ಮೇಲಿನ ಮಹಡಿಯ ಛಾವಣಿಯಿಂದ ಸಿಮೆಂಟ್ ಚಕ್ಕೆ ಬೆಂಚಿನ ಮೇಲೇ ಬೀಳುತ್ತಿತ್ತು, ಒಂದು ಬೆಂಚನ್ನು ಖಾಲಿ ಬಿಟ್ಟು ಅದರ ಮೇಲೆ ಬಕೆಟ್ ಇಟ್ಟು ಪಾಠ ಮಾಡುತ್ತಿದ್ದರು.

ತಕರಾರು ಮುಂದಿನದ್ದಕ್ಕೆ. ಪಾಲಕರ ಸಭೆಯಲ್ಲಿ ಹೇಳಿದ್ದು ಇಷ್ಟು: ಜೂನ್‌ನಿಂದ ಎಂಟು, ಒಂಬತ್ತು, ಹತ್ತು ಹಾರ್ಬರ್ ಲೈನಿನ ಇನ್ನೊಂದು ಕನ್ನಡ ಶಾಲೆಗೆ ಸೇರುತ್ತವೆ. ಏಳರವರೆಗಿನ ಮಕ್ಕಳಿಗೆ ಇಲ್ಲೇ ಹತ್ತಿರ ಬೇರೆ ಕಟ್ಟಡ. ಅಂದರೆ ಮಗಳು ಒಂದು ಕಡೆ, ಮಗ ಒಂದು ಕಡೆ. ಅಲ್ಲಿ ಹೈಸ್ಕೂಲು ಬೆಳಗ್ಗೆ 7ಕ್ಕೆ. ನಮ್ಮ ಸ್ಟೇಷನ್ನಿನಿಂದ ಸ್ಲೋ ಗಾಡಿ ಹಿಡಿದು, ಕುರ್ಲಾದಲ್ಲಿ ಬ್ರಿಜ್ ಹತ್ತಿ ಇಳಿದು ಹಾರ್ಬರ್ ಗಾಡಿ ಹಿಡಿದು, ಆಮೇಲೆ ನಡೆಯಬೇಕು. ಐದೂವರೆಗೆ ಮನೆ ಬಿಡಬೇಕಾಗುತ್ತದೆ. ಹದಿನೈದರ ಹುಡುಗಿ.

ಅದಕ್ಕಿಂತ ದೊಡ್ಡ ತಲೆಬಿಸಿ ಎಂದರೆ ಅಲ್ಲಿ ಎಂಟರಿಂದಲೇ ಸೆಮಿ ಇಂಗ್ಲಿಷ್ ಅಂತೆ. ಗಣಿತ, ವಿಜ್ಞಾನ ಎರಡೂ ಇಂಗ್ಲಿಷಿನಲ್ಲಿ. ನಮ್ಮವಳು ಇಷ್ಟು ದಿನ ಅವೆರಡನ್ನೂ ಕನ್ನಡದಲ್ಲೇ ಓದಿದವಳು. ಹತ್ತನೇ ಕ್ಲಾಸಿನಲ್ಲಿ ಬದಲಿಸುವುದು ಸಾಧ್ಯವಾ? ನಮ್ಮ ಟೀಚರ್‌ಗಳು ಜೊತೆಗೆ ಬರುತ್ತಾರಾ ಎಂದು ಕೇಳಿದರೆ ‘ನೋಡೋಣ’ ಎಂದರು.

ಇನ್ನೊಂದು. ನಮ್ಮ ಚಾಳಿನಲ್ಲಿ ಯಾದಗಿರಿ ಕಡೆಯ ಒಂದು ಮನೆ ಇದೆ, ಗಂಡ ಹೆಂಡತಿ ಇಬ್ಬರೂ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಾರೆ. ಅವರ ಹುಡುಗಿಯೂ ನನ್ನ ಮಗಳ ಕ್ಲಾಸೇ. ತಮ್ಮನನ್ನು ಶಾಲೆಗೆ ಕರೆದುಕೊಂಡು ಹೋಗುವುದು, ವಾಪಸ್ ತರುವುದು, ಅನ್ನಕ್ಕಿಡುವುದು ಎಲ್ಲ ಅವಳದೇ. ಶಾಲೆ ಅಷ್ಟು ದೂರ ಹೋದರೆ ಬಿಡಿಸುತ್ತೇವೆ ಎಂದು ಅವಳಮ್ಮ ಆಗಲೇ ಹೇಳಿಬಿಟ್ಟಿದ್ದಾಳೆ. ನಾವಾದರೂ ಹೇಗೋ ಮಾಡಿಕೊಳ್ಳುತ್ತೇವೆ. ಅವಳಿಗೆ ಏನು ಹೇಳುವುದು ಗೊತ್ತಾಗುತ್ತಿಲ್ಲ.

ಮನೆಯವರು ಈಗಲೇ ಎಲ್‌ಸಿ (ಶಾಲೆ ಬಿಟ್ಟ ಸರ್ಟಿಫಿಕೇಟ್) ತೆಗೆದು ಹತ್ತಿರದ ಇಂಗ್ಲಿಷ್ ಮೀಡಿಯಮ್‌ಗೆ ಹಾಕೋಣ ಎನ್ನುತ್ತಿದ್ದಾರೆ. ನಿಮಗೆ ಏನನ್ನಿಸುತ್ತದೆ?

—

ಚೆಂಬೂರ್ ಕಾಕಾ:

ನಿಮ್ಮ ಮನೆಯವರು ಹೇಳುವುದೇ ಸರಿ. ಬೇಜಾರು ಮಾಡ್ಕೋಬೇಡಿ, ಆದರೆ ಈ ಕಾಲದಲ್ಲಿ ಮುಂಬೈಯಲ್ಲಿ ಕನ್ನಡ ಮೀಡಿಯಮ್ ಅಂದರೆ ಇವತ್ತಲ್ಲ ನಾಳೆ ಮುಚ್ಚುವುದೇ. ನಮ್ಮ ಸಂಘಗಳ ಪದಾಧಿಕಾರಿಗಳ ಮೊಮ್ಮಕ್ಕಳು ಎಲ್ಲಿ ಓದುತ್ತಾರೆ ಕೇಳಿ ನೋಡಿ. ರಾಜ್ಯೋತ್ಸವದ ದಿನ ಭಾಷಣ, ಮರುದಿನ ಐಸಿಎಸ್‌ಇ ಬಸ್ಸು. ಹನ್ನೊಂದನೇ ಕ್ಲಾಸಿಗೆ ಹೇಗೂ ಇಂಗ್ಲಿಷೇ ಅಲ್ವಾ, ಒಂದು ವರ್ಷ ಮೊದಲೇ ಅಭ್ಯಾಸವಾಗಲಿ.

—

ಡೊಂಬಿವಲಿ ಮೇಷ್ಟ್ರು:

ಕಾಕಾ, ಸಂಘದವರ ಬಗ್ಗೆ ನೀವು ಹೇಳಿದ್ದಕ್ಕೆ ನನ್ನದೂ ಒಂದು ವೋಟು. ಆದರೆ ಹತ್ತನೇ ಕ್ಲಾಸಿನ ವಿಷಯದಲ್ಲಿ ನಿಮ್ಮ ಸಲಹೆ ಆ ಹುಡುಗಿಗೆ ದುಬಾರಿಯಾಗುತ್ತದೆ. ನಾನು ಗಣಿತದ ಮೇಷ್ಟ್ರಾಗಿ ರಿಟೈರ್ ಆದವನು, ಕನ್ನಡ ಮೀಡಿಯಮ್ಮಿನಲ್ಲೇ. ಅಮ್ಮಾ, ಸಮಾಧಾನವಾಗಿ ಓದಿ, ಸ್ವಲ್ಪ ಉದ್ದ ಇದೆ.

ಮೊದಲು ಲೆಕ್ಕ ನೋಡೋಣ. ಎಸ್‌ಎಸ್‌ಸಿ, ಅಂದರೆ ಇಲ್ಲಿನ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ, ಒಟ್ಟು 600 ಮಾರ್ಕು. ಮೂರು ಭಾಷೆಗೆ ನೂರು ನೂರು, ಗಣಿತ, ವಿಜ್ಞಾನ, ಸಮಾಜ ನೂರು ನೂರು. ಶೇಕಡಾ ಹಾಕುವಾಗ ಆರರಲ್ಲಿ ಜಾಸ್ತಿ ಬಂದ ಐದನ್ನು ಹಿಡಿಯುತ್ತಾರೆ. ನಿಮ್ಮ ಮಗಳಿಗೆ ಕನ್ನಡ ಮೊದಲ ಭಾಷೆ, ಅಲ್ಲಿ ಅವಳು ಕೈತುಂಬ ಮಾರ್ಕು ತರುತ್ತಾಳೆ. ಇಂಗ್ಲಿಷ್ ಮೀಡಿಯಮ್‌ಗೆ ಹಾಕಿದರೆ ಆ ಕನ್ನಡ ಪೇಪರೇ ಹೋಗಬಹುದು, ಯಾಕೆಂದರೆ ಹೆಚ್ಚಿನ ಶಾಲೆಗಳಲ್ಲಿ ಕನ್ನಡ ಕಲಿಸುವವರೇ ಇಲ್ಲ. ಅದರ ಮೇಲೆ ಅಲ್ಲಿ ಇಂಗ್ಲಿಷ್ ಮೊದಲ ಭಾಷೆ, ಪುಸ್ತಕವೇ ಬೇರೆ, ಅವಳು ಇಷ್ಟು ದಿನ ಓದಿದ ಇಂಗ್ಲಿಷಿಗಿಂತ ಗಟ್ಟಿ. ಗಣಿತ, ವಿಜ್ಞಾನ, ಇತಿಹಾಸ, ಭೂಗೋಳ ಎಲ್ಲ ಇಂಗ್ಲಿಷಿನಲ್ಲಿ. ಇದನ್ನೆಲ್ಲ ಯಾವಾಗ ಕಲಿಯಬೇಕು? ಜೂನ್ ಮಧ್ಯದಲ್ಲಿ ಶಾಲೆ ಶುರು. ಪರೀಕ್ಷೆ ಮೊದಲಿನ ಹಾಗೆ ಮಾರ್ಚ್‌ಗೆ ಕಾಯುವುದಿಲ್ಲ, 2025ರಲ್ಲಿ ಫೆಬ್ರವರಿ 21ಕ್ಕೇ ಶುರುವಾಗಿತ್ತು. ನಡುವೆ ಗಣಪತಿ, ದೀಪಾವಳಿ ರಜೆ, ಪ್ರಿಲಿಮ್ ಕಳೆಯಿರಿ. ಹನ್ನೊಂದರಲ್ಲಿ ಇಂಗ್ಲಿಷಿಗೆ ಹೋಗುವುದೇ ಬೇರೆ ಮಾತು, ಅಲ್ಲಿ ಎರಡು ವರ್ಷ ಸಿಗುತ್ತದೆ, ಎಲ್ಲರೂ ಹೊಸಬರು.

ಸೆಮಿ ಇಂಗ್ಲಿಷ್ ವಿಷಯ. ಬೀಜಗಣಿತ, ರೇಖಾಗಣಿತ, ವಿಜ್ಞಾನದ ಎರಡು ಭಾಗ, ಹೀಗೆ ನಾಲ್ಕು ಪೇಪರು. ಬೋರ್ಡು ಈ ಪೇಪರುಗಳನ್ನು ಕನ್ನಡದಲ್ಲೂ ಕೊಡುತ್ತದೆ, ಬಾಲಭಾರತಿಯ (ರಾಜ್ಯದ ಪಠ್ಯಪುಸ್ತಕ ಸಂಸ್ಥೆ) ಪುಸ್ತಕವೂ ಕನ್ನಡದಲ್ಲಿದೆ. ಹೊಸ ಶಾಲೆಯಲ್ಲಿ ಸೆಮಿ ಇದೆ ಎಂದ ಮಾತ್ರಕ್ಕೆ ನಿಮ್ಮ ಮಗಳು ಸೆಮಿಗೆ ಹೋಗಬೇಕಾಗಿಲ್ಲ. ಹತ್ತರ ಬೋರ್ಡ್ ಫಾರ್ಮನ್ನು ಶಾಲೆಯವರೇ ಆನ್‌ಲೈನಿನಲ್ಲಿ ತುಂಬುತ್ತಾರೆ, ಅದರಲ್ಲಿ ಮಾಧ್ಯಮದ ಕಾಲಂ ಇರುತ್ತದೆ. ಗುಮಾಸ್ತ ಇಡೀ ಕ್ಲಾಸಿಗೆ ಒಂದೇ ತರ ಟಿಕ್ ಮಾಡಿಬಿಟ್ಟರೆ ಆಮೇಲೆ ವಾಶಿಯ ಬೋರ್ಡ್ ಆಫೀಸಿಗೆ ಅಲೆಯಬೇಕು. ಆದ್ದರಿಂದ ಪ್ರಿಂಟ್ ತೆಗೆದು ಸಹಿಗೆ ಕೊಟ್ಟಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಿ.

ಪೇಪರು ಕನ್ನಡದಲ್ಲಿ ಸಿಕ್ಕಿತು, ಕಲಿಸುವವರು ಯಾರು? ಅಸಲಿ ಪ್ರಶ್ನೆ ಇದು. ಅನುದಾನಿತ ಶಾಲೆಯಲ್ಲಿ ಟೀಚರ್ ಹುದ್ದೆ ಮಕ್ಕಳ ಸಂಖ್ಯೆಯ ಮೇಲೆ ನಿಲ್ಲುತ್ತದೆ, ಇಲ್ಲಿ ಅದಕ್ಕೆ ಸಂಚ ಮಾನ್ಯತಾ ಎನ್ನುತ್ತಾರೆ. ಆಧಾರ್ ಸರಿಯಾಗಿ ಜೋಡಣೆಯಾದ ಮಕ್ಕಳು ಮಾತ್ರ ಲೆಕ್ಕಕ್ಕೆ. ಸಂಖ್ಯೆ ಕಡಿಮೆಯಾದರೆ ಟೀಚರ್ ಸರ್‌ಪ್ಲಸ್, ಅವರನ್ನು ಎಲ್ಲಿಗೋ ಕಳಿಸುತ್ತಾರೆ. ಜೂನ್‌ನಲ್ಲಿ ನಾಲ್ಕು ಮನೆಯವರು ಹೆದರಿ ಎಲ್‌ಸಿ ತೆಗೆದರೆ ಉಳಿದ ಮಕ್ಕಳ ಗಣಿತದ ಟೀಚರ್‌ಗೇ ಕುತ್ತು. ಹಾಗೆಂದು ನಿಮ್ಮ ಮಗಳನ್ನು ಬಲಿ ಕೊಡಿ ಎನ್ನುತ್ತಿಲ್ಲ. ಹೊರಡುವ ಮೊದಲು ಹತ್ತನೇ ಕ್ಲಾಸಿನ ಪಾಲಕರೆಲ್ಲ ಒಟ್ಟಾಗಿ ಕುಳಿತು ಮಾತಾಡಿ.

ಕಾನೂನಿನ ಮಾತು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಎಂದು ಹಾರಾಡುವವರು ಬರುತ್ತಾರೆ. ಆ ಕಾಯ್ದೆ 6ರಿಂದ 14 ವರ್ಷದವರಿಗೆ, ಎಂಟನೇ ಕ್ಲಾಸಿನವರೆಗೆ. ಐದರವರೆಗೆ 1 ಕಿಲೋಮೀಟರ್, ಎಂಟರವರೆಗೆ 3 ಕಿಲೋಮೀಟರ್ ಒಳಗೆ ಶಾಲೆ ಎಂಬ ನಿಯಮ ಮಗನಿಗೆ ಸಿಗುತ್ತದೆ, ಮಗಳಿಗೆ ಸಿಗುವುದಿಲ್ಲ. ಬೋರ್ಡ್ ಪರೀಕ್ಷೆಯ ಮಗುವಿಗೇ ದೂರದ ಮಿತಿ ಇಲ್ಲ ಎಂಬುದು ನನಗೆ ಇವತ್ತಿಗೂ ನುಂಗಲಾರದ ತುತ್ತು. ಆದ್ದರಿಂದ ನಿಮ್ಮ ಅರ್ಜಿಯಲ್ಲಿ ಆರ್‌ಟಿಇ ಎಂದು ಬರೆಯಬೇಡಿ, ಮೊದಲ ಸಾಲಿಗೇ ತಿರಸ್ಕಾರ. ಶಿಕ್ಷಣ ನಿರೀಕ್ಷಕರಿಗೆ ಬರೆಯಿರಿ. ಮುಂಬೈಯಲ್ಲಿ ದಕ್ಷಿಣ, ಉತ್ತರ, ಪಶ್ಚಿಮ ಎಂದು ಮೂರು ಕಚೇರಿ, ನಿಮ್ಮ ಶಾಲೆ ಯಾವುದರ ಕೆಳಗೆ ಎಂದು ಹೆಡ್‌ಮೇಷ್ಟ್ರು ಹೇಳುತ್ತಾರೆ.

—

ಫೋರ್ಟ್ ನೈಟ್ ಸ್ಕೂಲ್:

ನಾನು ಹಗಲು ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋದವನು. ನಮ್ಮ ಕಡೆಯ ಹುಡುಗರಿಗೆ ಅದೊಂದೇ ಶಾಲೆ ಆಗ. ನಾವು ಒಂಬತ್ತರಲ್ಲಿದ್ದಾಗ ಮಕ್ಕಳು ಸಾಲದು ಎಂದು ಕ್ಲಾಸನ್ನು ಬೇರೆ ಏರಿಯಾದ ಶಾಲೆಗೆ ಸೇರಿಸಿದರು. ದೂರ ಏನೂ ದೊಡ್ಡದಲ್ಲ. ಆದರೆ ಸೇಠ್ ಬಿಡುವುದು ಆರೂವರೆಗೆ, ಅಲ್ಲಿ ಗಂಟೆ ಹೊಡೆಯುವುದೂ ಆರೂವರೆಗೆ. ಮೊದಲ ಪೀರಿಯಡ್ ಯಾವತ್ತೂ ಸಿಗಲಿಲ್ಲ. ಒಬ್ಬೊಬ್ಬರೇ ಬಿಟ್ಟರು. ಬಿಟ್ಟವರು ಯಾರೂ ‘ಬಿಟ್ಟೆ’ ಎಂದು ಹೇಳಿ ಬಿಟ್ಟದ್ದಲ್ಲ, ನಾಳೆ ಬರುತ್ತೇನೆ ಎಂದವರೇ.

ಅದಕ್ಕೇ ಅಕ್ಕ, ಆ ಯಾದಗಿರಿ ಹುಡುಗಿಯ ಬಗ್ಗೆ ಎಲ್ಲರಿಗಿಂತ ಮೊದಲು ಯೋಚಿಸಿ. ಈಗ ಮುಂಬೈಯ ಕನ್ನಡ ಶಾಲೆಗಳು ಉಳಿದಿರುವುದೇ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕೂಲಿ ಮಾಡುವವರ ಮಕ್ಕಳಿಂದ, ನಮ್ಮ ಕರಾವಳಿಯವರಿಂದಲ್ಲ. ಅವಳಮ್ಮನಿಗೆ ‘ಶಾಲೆ ಬಿಡಿಸಬೇಡಿ’ ಎಂದು ಬುದ್ಧಿ ಹೇಳಿ ಪ್ರಯೋಜನವಿಲ್ಲ. ತಮ್ಮನನ್ನು ಮಧ್ಯಾಹ್ನ ಯಾರು ಕರೆತರುತ್ತಾರೆ? ಅದಕ್ಕೆ ಉತ್ತರ ಸಿಕ್ಕಿದರೆ ಹುಡುಗಿ ಶಾಲೆಗೆ ಹೋಗುತ್ತಾಳೆ. ನಿಮ್ಮ ಮಗನೂ ಹತ್ತಿರದ ಕಟ್ಟಡಕ್ಕೇ ಹೋಗುತ್ತಾನಲ್ಲ, ಇಬ್ಬರನ್ನೂ ಒಟ್ಟಿಗೆ ಕರೆತರುವ ಏರ್ಪಾಡು ಆಗುತ್ತದಾ ನೋಡಿ. ಹುಡುಗಿಯರಿಬ್ಬರೂ ಒಂದೇ ಗಾಡಿಗೆ ಹೋಗಲಿ, ಲೇಡೀಸ್ ಡಬ್ಬಿ. ರೈಲ್ವೆ ಪಾಸಿನ ಕನ್ಸೆಷನ್ ಫಾರ್ಮು ಹೊಸ ಶಾಲೆಯಿಂದಲೇ ಬರಬೇಕು, ಜೂನ್ ಮೊದಲ ದಿನವೇ ಕೇಳಿ, ಇಲ್ಲವಾದರೆ ಫುಲ್ ದುಡ್ಡು ಕೊಟ್ಟು ಪಾಸ್ ತೆಗೆಯುವಂತಾಗುತ್ತದೆ.

ಮತ್ತೆ ಹತ್ತನೇ ಕ್ಲಾಸಿಗೆ ಎಕ್ಸ್‌ಟ್ರಾ ಕ್ಲಾಸ್ ಅಂತ ಭಾನುವಾರ ಕರೆಯುತ್ತಾರೆ. ಹಾರ್ಬರ್ ಲೈನಿನ ಭಾನುವಾರ ಅಂದರೆ ಮೆಗಾಬ್ಲಾಕ್, ರಿಪೇರಿಗೆಂದು ಗಾಡಿ ನಿಲ್ಲಿಸುತ್ತಾರೆ. ಮೊದಲೇ ಹೇಳಿಡಿ ಅವರಿಗೆ.

—

ಪುಣೆ ಅಪ್ಪ:

ನಮ್ಮದೂ ಇದೇ ಕಥೆ, ಊರು ಪುಣೆ. ಮಗ ಒಂಬತ್ತು ಮುಗಿಸಿದಾಗ ಅವನ ಕ್ಲಾಸನ್ನು ನದಿಯಾಚೆಯ ಶಾಲೆಗೆ ಸೇರಿಸಿದರು. ಕನ್ನಡ ಮೀಡಿಯಮ್ ಅಲ್ಲ, ಮರಾಠಿ. ಆದರೆ ವಿಲೀನ ಎಲ್ಲ ಕಡೆ ಒಂದೇ.

ಪಾಠ, ಪೋರ್ಷನ್ ಎಲ್ಲ ಹೇಗೋ ಸರಿಹೋಯಿತು. ಕಷ್ಟವಾದದ್ದು ಬೇರೆ. ಹೊಸ ಶಾಲೆಯಲ್ಲಿ ಹಾಜರಿಗೆ ಎರಡು ಪಟ್ಟಿ ಇತ್ತು. ಮೊದಲು ಅವರ ಮಕ್ಕಳ ಹೆಸರು, ಎಲ್ಲ ಮುಗಿದ ಮೇಲೆ ‘ತಿಕಡ್ಚೀ ಮುಲ’ (ಆ ಕಡೆಯ ಮಕ್ಕಳು) ಎಂದು ನಮ್ಮ ಮಕ್ಕಳದು. ವರ್ಷವಿಡೀ. ಅವನು ಹಳೆಯ ಶಾಲೆಯ ಖೋಖೋ ಟೀಮಿನಲ್ಲಿದ್ದ, ಇಲ್ಲಿ ಟೀಮು ಮೊದಲೇ ಭರ್ತಿ. ಮನೆಯಲ್ಲಿ ಒಂದಕ್ಷರ ಹೇಳುತ್ತಿರಲಿಲ್ಲ, ಶಾಲೆಯ ಗ್ಯಾದರಿಂಗ್‌ಗೂ (ವಾರ್ಷಿಕೋತ್ಸವ) ಹೋಗಲಿಲ್ಲ. ನಿಮ್ಮ ಮಗಳಿಗೆ ಓದಿನ ಬಗ್ಗೆ ಮಾತ್ರ ಕೇಳಬೇಡಿ, ಯಾರ ಪಕ್ಕ ಕೂತಳು, ಡಬ್ಬಿ ಯಾರ ಜೊತೆ ತಿಂದಳು ಎಂದೂ ಕೇಳಿ.

ಮನೆಯ ಲೆಕ್ಕವೂ ತಿರುವುಮುರುವಾಗುತ್ತದೆ. ಇಬ್ಬರು ಮಕ್ಕಳು ಎರಡು ಶಾಲೆ, ಎರಡು ಟೈಮು. ನನ್ನ ಹೆಂಡತಿ ಬೆಳಗ್ಗೆ ಒಂದು ಮೆಸ್ಸಿಗೆ ಚಪಾತಿ ಮಾಡಿಕೊಡುತ್ತಿದ್ದಳು, ಅದನ್ನು ಬಿಡಬೇಕಾಯಿತು. ಪಾಲಕರ ಸಭೆಯಲ್ಲಿ ‘ಮಕ್ಕಳಿಗೆ ಸ್ವಲ್ಪ ಅನನುಕೂಲ’ ಎಂದು ಹೇಳುತ್ತಾರಲ್ಲ, ಅದರಲ್ಲಿ ಈ ಚಪಾತಿ ದುಡ್ಡು ಎಲ್ಲೂ ಬರುವುದಿಲ್ಲ.

ಈಗ ಮುಖ್ಯ ಮಾತು, ಇದನ್ನು ಯಾರೂ ಹೇಳುವುದಿಲ್ಲ: ಹನ್ನೊಂದನೇ ಕ್ಲಾಸಿನ ಇನ್‌ಹೌಸ್ ಕೋಟಾ. ಶಾಲೆಯ ಜೊತೆಗೇ ಜೂನಿಯರ್ ಕಾಲೇಜು ಇದ್ದರೆ ಅಲ್ಲೇ ಹತ್ತು ಪಾಸಾದವರಿಗೆ 10% ಸೀಟು ಇರುತ್ತದೆ. ನಮ್ಮ ಹಳೆಯ ಶಾಲೆಗೆ ಕಾಲೇಜಿತ್ತು, ಹೊಸದಕ್ಕೆ ಇರಲಿಲ್ಲ. ಹೋಯಿತು. ಮೊದಲೆಲ್ಲ ಆನ್‌ಲೈನ್ ಪ್ರವೇಶ ಮುಂಬೈ, ಪುಣೆ, ನಾಶಿಕ್, ನಾಗಪುರ, ಅಮರಾವತಿ ಕಡೆ ಮಾತ್ರ ಇತ್ತು, 2025ರಿಂದ ಇಡೀ ರಾಜ್ಯಕ್ಕೆ ಒಂದೇ. ಹಾಗಾಗಿ ಕಾಲೇಜಿನವರ ಕೈಕಾಲು ಹಿಡಿದರೆ ಸೀಟು ಸಿಗುವ ಕಾಲ ಹೋಯಿತು, ಕಂಪ್ಯೂಟರಿನಲ್ಲಿ ಯಾವ ಶಾಲೆ ಎಂದಿದೆಯೋ ಅದೇ. ನಿಮ್ಮದು ಕನ್ನಡ ಸಂಸ್ಥೆಗಳಾದ್ದರಿಂದ ಭಾಷಾ ಅಲ್ಪಸಂಖ್ಯಾತ ಕೋಟಾ ಇರುವ ಕಾಲೇಜೂ ಇರಬಹುದು, ಅದರಲ್ಲಿ ಅರ್ಧ ಸೀಟು ಆ ಭಾಷೆಯವರಿಗೆ. ಎರಡನ್ನೂ ಎಲ್‌ಸಿಗೆ ಕೈ ಹಾಕುವ ಮೊದಲೇ ವಿಚಾರಿಸಿ.

—

ವರ್ಜೀನಿಯಾದಿಂದ, ಮೂಲ ಮಾಟುಂಗಾ:

ಓದುತ್ತಾ ಓದುತ್ತಾ ನಗು ಬಂತು, ಬೇಜಾರೂ ಆಯಿತು. ಇಲ್ಲಿ ಅಮೆರಿಕದಲ್ಲೂ ಇದೇ ಜಗಳ, ಕಾರಣ ಮಾತ್ರ ಬೇರೆ. ಇಲ್ಲಿ ಸರ್ಕಾರಿ ಶಾಲೆ ಮನೆಯ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಈ ರಸ್ತೆಯ ಈ ಬದಿ ಒಂದು ಹೈಸ್ಕೂಲು, ಆ ಬದಿ ಇನ್ನೊಂದು. ಒಂದು ಶಾಲೆ ತುಂಬಿ ತುಳುಕಿ ಇನ್ನೊಂದು ಖಾಲಿ ಹೊಡೆದಾಗ, ಇಲ್ಲವೇ ಹೊಸ ಶಾಲೆ ಕಟ್ಟಿದಾಗ ಸ್ಕೂಲ್ ಬೋರ್ಡಿನವರು ಗಡಿ ಗೆರೆ ಬದಲಿಸುತ್ತಾರೆ. ಒಳ್ಳೆಯ ಶಾಲೆಯ ಗೆರೆಯೊಳಗಿದೆ ಎಂದು ಜಾಸ್ತಿ ಕೊಟ್ಟು ಮನೆ ಕೊಂಡವರು ಮೈಕ್ ಹಿಡಿದು ಬೋರ್ಡಿನವರ ಬೆವರಿಳಿಸುತ್ತಾರೆ. ಬಾಡಿಗೆ ಮನೆಯವರು, ಎರಡು ಶಿಫ್ಟ್ ಮಾಡುವವರು ಆ ಸಭೆಗಳಲ್ಲಿ ಕಡಿಮೆ. ಅವರಿಗೆ ಬಿಡುವಿಲ್ಲ.

ಆದರೆ ಒಂದು ಪದ್ಧತಿ ಬಹಳ ಕಡೆ ಇದೆ, ಅದನ್ನು ಹೇಳಲೆಂದೇ ಬರೆದೆ. ಇಲ್ಲಿ ಹೈಸ್ಕೂಲು ಒಂಬತ್ತರಿಂದ ಹನ್ನೆರಡು. ಗೆರೆ ಬದಲಾದರೂ ಕೊನೆಯ ವರ್ಷಗಳಲ್ಲಿರುವ ಮಕ್ಕಳಿಗೆ ಹಳೆಯ ಶಾಲೆಯಲ್ಲೇ ಮುಗಿಸಲು ಬಿಡುತ್ತಾರೆ. ಕೆಲವು ಕಡೆ ಹನ್ನೆರಡರವರಿಗೆ ಮಾತ್ರ, ಕೆಲವು ಕಡೆ ಆಗಲೇ ಸೇರಿದ ಎಲ್ಲರಿಗೂ. ಹೊಸ ಗೆರೆ ಒಂಬತ್ತಕ್ಕೆ ಬರುವವರಿಂದ ಜಾರಿ. ಅದರಲ್ಲೂ ಕೊಕ್ಕೆ ಇರುತ್ತದೆ. ಶಾಲೆ ಅದೇ, ಆದರೆ ಬಸ್ಸು ಕೊಡುವುದಿಲ್ಲ, ನೀವೇ ಬಿಟ್ಟು ಬನ್ನಿ ಎನ್ನುತ್ತಾರೆ. ಕಾರು ಬಿಡಲು ಬಿಡುವಿರುವ ಮನೆಯ ಮಗು ಉಳಿಯುತ್ತದೆ, ಉಳಿದವರು ಹೊಸ ಶಾಲೆಗೆ. ತಮ್ಮ ತಂಗಿಯರಿಗೂ ಈ ರಿಯಾಯಿತಿ ಸಿಗಬೇಕೆಂದಿಲ್ಲ, ನಮ್ಮ ಮನೆಯಲ್ಲೇ ಇಬ್ಬರು ಮಕ್ಕಳು ಎರಡು ಶಾಲೆಯ ಟೀ ಶರ್ಟ್ ಹಾಕಿಕೊಂಡು ಒಂದೇ ಟೇಬಲ್ಲಿನಲ್ಲಿ ಊಟಕ್ಕೆ ಕೂರುತ್ತಾರೆ.

ನಿಮ್ಮ ಕಟ್ಟಡ ಬೀಳುತ್ತಿದೆ, ಅಲ್ಲೇ ಇರಿ ಎನ್ನಲಾಗುವುದಿಲ್ಲ ನಿಜ. ಆದರೂ ಕೇಳುವುದನ್ನು ಕೇಳಬಹುದು: ಏಳರವರೆಗಿನವರಿಗೆ ಹತ್ತಿರ ಕಟ್ಟಡ ಸಿಕ್ಕಿದೆ ಎಂದರೆ ಹತ್ತನೇ ಕ್ಲಾಸೊಂದಕ್ಕೆ ಅಲ್ಲೇ ಒಂದು ಕೋಣೆ ಒಂದು ವರ್ಷದ ಮಟ್ಟಿಗೆ ಕೊಡಿ ಎಂದು. ಎಂಟು, ಒಂಬತ್ತು ಹೋಗಲಿ.

—

ಸೆಂಟ್ರಲ್ ಲೈನ್ ಅಮ್ಮ:

ಒಂದು ಕೋಣೆಯ ಮಾತು ನಮಗೆ ಯಾರಿಗೂ ಹೊಳೆದಿರಲಿಲ್ಲ ಅಣ್ಣ. ನಾವೆಲ್ಲ ‘ಶಾಲೆ ಬದಲಿಸಬೇಡಿ’ ಎಂದು ಕೂಗುತ್ತಿದ್ದೆವು, ಅವರು ಸಿ-1 ನೋಟಿಸ್ ತೋರಿಸಿ ಬಾಯಿ ಮುಚ್ಚಿಸುತ್ತಿದ್ದರು.

ಇವತ್ತು ಸಂಜೆ ಹತ್ತನೇ ಕ್ಲಾಸಿಗೆ ಹೋಗುವ ಮಕ್ಕಳ ಅಮ್ಮಂದಿರು ನಮ್ಮ ಮನೆಯಲ್ಲೇ ಸೇರಿದೆವು. ಯಾದಗಿರಿ ಮನೆಯವಳೂ ಬಂದಿದ್ದಳು, ಕೆಲಸದಿಂದ ನೇರ, ಸೀರೆಗೆ ಸುಣ್ಣ ಹತ್ತಿತ್ತು. ಅವಳು ಒಂದೇ ಮಾತು ಹೇಳಿದ್ದು, ಹತ್ತಿರದಲ್ಲಿದ್ದರೆ ಓದಿಸುತ್ತೇನೆ, ದೂರವಾದರೆ ನನ್ನ ಕೈಯಲ್ಲಾಗದು. ಇಬ್ಬರು ಹುಡುಗರನ್ನು ಮಧ್ಯಾಹ್ನ ಕರೆತರುವುದು ನಾನು ನೋಡಿಕೊಳ್ಳುತ್ತೇನೆ ಎಂದಿದ್ದೇನೆ, ಅದು ದೊಡ್ಡದಲ್ಲ. ಬೆಳಗ್ಗೆ ಐದೂವರೆಯ ಗಾಡಿಗೆ ಮಾತ್ರ ಅವಳು ಇನ್ನೂ ಒಪ್ಪಿಲ್ಲ.

ಕಾಕಾ ಹೇಳಿದ ಹಾಗೆ ಎರಡು ಮನೆಯವರು ಇಂಗ್ಲಿಷ್ ಮೀಡಿಯಮ್‌ಗೆ ಹೋಗುವವರಿದ್ದರು. ಮೇಷ್ಟ್ರು ಬರೆದ 600ರ ಲೆಕ್ಕ ಓದಿ ಹೇಳಿದೆ. ಒಬ್ಬರು ಮನಸ್ಸು ಬದಲಿಸಿದ್ದಾರೆ, ಇನ್ನೊಬ್ಬರು ಆಗಲೇ ಡೊನೇಷನ್ ಕಟ್ಟಿಬಿಟ್ಟಿದ್ದಾರಂತೆ. ನಮ್ಮ ಮನೆಯವರು ‘ಜೂನ್‌ವರೆಗೆ ನೋಡೋಣ’ ಎಂಬಲ್ಲಿಗೆ ಬಂದಿದ್ದಾರೆ.

ಮೇಷ್ಟ್ರೇ, ಶಿಕ್ಷಣ ನಿರೀಕ್ಷಕರಿಗೆ ಅರ್ಜಿ ಮರಾಠಿಯಲ್ಲಿ ಕೊಡಬೇಕಲ್ವಾ? ನಮ್ಮಲ್ಲಿ ಮಾತಾಡಲು ಎಲ್ಲರಿಗೂ ಬರುತ್ತದೆ, ಸರ್ಕಾರಿ ಮರಾಠಿ ಬರೆಯಲು ಯಾರಿಗೂ ಬರುವುದಿಲ್ಲ.

—

ಚೆಂಬೂರ್ ಕಾಕಾ:

ಡೊನೇಷನ್ ಕಟ್ಟಿದವರಿಗೆ ನನ್ನ ಹೆಸರು ಹೇಳಬೇಡಿ ಮಾರಾಯ್ರೆ. ಮೇಷ್ಟ್ರ ಮಾರ್ಕಿನ ಲೆಕ್ಕ ಒಪ್ಪಿದೆ. ಆದರೂ ಆರನೇ ಕ್ಲಾಸಿನ ಮಗನ ವಿಷಯದಲ್ಲಿ ನನ್ನ ಮಾತು ನನ್ನದೇ, ಅವನಿಗೆ ಇನ್ನೂ ಟೈಮಿದೆ, ಈಗಲೇ ಯೋಚಿಸಿ.

—

ಡೊಂಬಿವಲಿ ಮೇಷ್ಟ್ರು:

ಮಗನ ವಿಷಯದಲ್ಲಿ ಕಾಕಾ ಜೊತೆ ಇನ್ನೊಂದು ದಿನ ಜಗಳ ಮಾಡುತ್ತೇನೆ.

ಅರ್ಜಿ ಮರಾಠಿಯಲ್ಲೇ ಕೊಡಿ, ನಾನು ಬರೆದುಕೊಡುತ್ತೇನೆ, ಮೆಸೇಜ್ ಮಾಡಿ. ಒಂದು ಪುಟ ಸಾಕು. ಕೇಳುವುದು ಮೂರೇ ಮಾತು. ಹತ್ತನೇ ಕ್ಲಾಸಿಗೆ ಹತ್ತಿರದ ಕಟ್ಟಡದಲ್ಲಿ ಈ ಒಂದು ವರ್ಷ ಒಂದು ಕೋಣೆ. ಅದು ಆಗದಿದ್ದರೆ ಹೊಸ ಶಾಲೆಯಲ್ಲಿ ಗಣಿತ, ವಿಜ್ಞಾನ ಕನ್ನಡದಲ್ಲೇ, ಈಗಿನ ಟೀಚರ್‌ಗಳೇ ಬಂದು ಕಲಿಸಬೇಕು. ಹತ್ತನೇ ಕ್ಲಾಸನ್ನು ಮಧ್ಯಾಹ್ನದ ಪಾಳಿಗೆ ಹಾಕಲು ಆಗುತ್ತದಾ ಎಂಬುದು ಮೂರನೆಯದು. ನಾಲ್ಕರವರೆಗಿನ ಮಕ್ಕಳಿಗೆ 9ಕ್ಕೆ ಮೊದಲು ಶಾಲೆ ಬೇಡ ಎಂದು 2024ರಲ್ಲಿ ಆದೇಶ ಬಂದ ಮೇಲೆ ಬಹಳ ಕಡೆ ಬೆಳಗಿನ ಪಾಳಿ ದೊಡ್ಡ ಮಕ್ಕಳ ತಲೆಗೆ ಬಿದ್ದಿದೆ, ಆದ್ದರಿಂದ ಇದು ಕಷ್ಟ, ಆದರೂ ಕೇಳಿ. ಆ ಯಾದಗಿರಿ ಹುಡುಗಿಯ ವಿಷಯ ಹೆಸರಿಲ್ಲದೆ ಎರಡು ಸಾಲು ಬರೆಯೋಣ. ಹುಡುಗಿ ಶಾಲೆ ಬಿಡುವ ಸಾಧ್ಯತೆ ಇದೆ ಎಂದು ಕಾಗದದ ಮೇಲೆ ಬಂದರೆ ಆಫೀಸಿನವರು ಸುಮ್ನೆ ಪಕ್ಕಕ್ಕಿಡುವುದು ಅಷ್ಟು ಸುಲಭವಲ್ಲ. ಏನೇ ಆದರೂ ಅವಳಿಗೆ 17 ನಂಬರ್ ಫಾರ್ಮ್ ಎಂಬ ಬಾಗಿಲು ಇದೆ, ಖಾಸಗಿಯಾಗಿ ಹತ್ತು ಬರೆಯಬಹುದು. ಅದನ್ನು ಅವಳಮ್ಮನಿಗೆ ಈಗಲೇ ಹೇಳಬೇಡಿ, ಅದೇ ಸುಲಭ ಎಂದು ಹಿಡಿದುಬಿಡುತ್ತಾಳೆ.

ಎಲ್ಲ ಪಾಲಕರ ಸಹಿ, ಮಗುವಿನ ಪೂರ್ತಿ ಹೆಸರು, ಜನರಲ್ ರಿಜಿಸ್ಟರ್ ನಂಬರ್ ಒಂದು ಹಾಳೆಯಲ್ಲಿ ಮಾಡಿ. ಆ ನಂಬರ್ ಕೇಳುವ ನೆಪದಲ್ಲಿ ರಿಜಿಸ್ಟರಿನಲ್ಲಿ ಮಗಳ ಹೆಸರಿನ ಸ್ಪೆಲ್ಲಿಂಗ್, ಹುಟ್ಟಿದ ಊರು, ಜಾತಿ ಸರಿ ಇದೆಯಾ ನೋಡಿಕೊಂಡು ಬನ್ನಿ. ದಾಖಲೆ ಹೊಸ ಶಾಲೆಗೆ ಹೋದ ಮೇಲೆ ತಿದ್ದುವುದು ದೊಡ್ಡ ರಗಳೆ. ಅರ್ಜಿಯ ಎರಡು ಕಾಪಿ, ಒಂದರ ಮೇಲೆ ಆವಕ್ (ಅರ್ಜಿ ಸ್ವೀಕರಿಸಿದ) ನಂಬರಿನ ಮೊಹರು ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡಿ, ಆವಕ್ ಟೇಬಲ್ಲಿನಲ್ಲಿ ಯಾರೂ ಇರುವುದಿಲ್ಲ.